ಜಗಲಿಯ ಮೇಲಿನ ಬ್ರಾಕೆಟ್ಟು

ಸಿಟ್ಟಿನಲ್ಲಿ ಬರೆಯಬಾರದು ಅನ್ನುತ್ತಾರೆ. ಸಿಟ್ಟು ಇಳಿಯಲಿ ಎಂದು ನಾನೂ ಕಾದೆ, ಇಳಿಯಲಿಲ್ಲ. ಇನ್ನೂ ಕಾದರೆ ನಡೆದದ್ದರಲ್ಲಿ ಅರ್ಧ ಮರೆತುಹೋದೀತೇ ಹೊರತು ಸಿಟ್ಟು ಹೋಗುವ ಲಕ್ಷಣವಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಬೆಟಗೇರಿಯ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯ ಶೆಡ್ಡೊಂದರಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಮೊದಲು ಅಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಬಿಡಿಭಾಗ ಮಾಡುತ್ತಿದ್ದರು. ಆಮೇಲೆ ಸಾವ್ಕಾರ್ರು, ಅಂದರೆ ನಮ್ಮ ಮಾಲೀಕರು, ಧೈರ್ಯ ಮಾಡಿ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳನ್ನು ತಂದರು. ಹೆಲಿಕಾಪ್ಟರ್ ಕಟ್ಟುವ ದೊಡ್ಡ ಸರ್ಕಾರಿ ಕಾರ್ಖಾನೆಗೆ ನಾವು ಬಾಗಿಲಿನ ಬ್ರಾಕೆಟ್ಟು ಮಾಡಿಕೊಡುತ್ತಿದ್ದೆವು. ಅಂಗೈಯಷ್ಟಿರುವ ಅಲ್ಯೂಮಿನಿಯಂ ತುಂಡು. ಅದರಲ್ಲೊಂದು ರಂಧ್ರ, ರಂಧ್ರದಲ್ಲಿ ಬಾಗಿಲಿನ ಕೀಲು. ಇಷ್ಟು ಹಾರಾಟವಾದ ಮೇಲೆ ಹಳೆಯದನ್ನು ತೆಗೆದು ಹೊಸದು ಹಾಕಬೇಕೆಂಬ ನಿಯಮವಿರುವುದರಿಂದ ಬೇಡಿಕೆ ನಿಲ್ಲುತ್ತಿರಲಿಲ್ಲ.

ಅಳತೆ ನೋಡಿ ಸಹಿ ಹಾಕುವುದು ನನ್ನ ಕೆಲಸ. ಯಂತ್ರದಿಂದ ಬಂದ ತುಂಡು ಬಿಸಿಯಾಗಿರುತ್ತದೆ, ಅದನ್ನು ಕೂಡಲೇ ಅಳೆಯುವ ಹಾಗಿಲ್ಲ. ಗ್ರಾನೈಟ್ ಕಲ್ಲಿನ ಮೇಲಿಟ್ಟು ಕೋಣೆಯ ತಾಪಕ್ಕೆ ಬರುವ ತನಕ ಬಿಡಬೇಕು. ಗದಗಿನ ಗಾಳಿ ಗೊತ್ತಲ್ಲ, ಕಿಟಕಿಗೆ ಎಷ್ಟು ಬಟ್ಟೆ ಕಟ್ಟಿದರೂ ಧೂಳು ನುಗ್ಗುತ್ತದೆ. ಪ್ರತಿ ಸಲವೂ ಕಲ್ಲು ಒರೆಸಬೇಕು, ತುಂಡು ಒರೆಸಬೇಕು. ಆಮೇಲೆ ಪ್ಲಗ್ ಗೇಜು: ಅದರ ಒಂದು ತುದಿ ರಂಧ್ರದಲ್ಲಿ ಸಲೀಸಾಗಿ ಇಳಿಯಬೇಕು, ಇನ್ನೊಂದು ತುದಿ ಇಳಿಯಲೇಬಾರದು. ಎರಡನೆಯ ತುದಿ ಕೂದಲೆಳೆಯಷ್ಟು ಒಳಗೆ ಹೋದರೂ ಆ ತುಂಡಿಗೆ ಕೆಂಪು ಬಣ್ಣ ಬಳಿದು ಕೆಂಪು ಡಬ್ಬಿಗೆ ಹಾಕುತ್ತೇನೆ. ಲಾಟ್ ಮುಗಿದ ಮೇಲೆ ಡಬ್ಬಿಯಲ್ಲಿದ್ದವನ್ನೆಲ್ಲ ಕೊಯ್ದು ಹಾಕುತ್ತೇವೆ. ಸಂಖ್ಯೆ ಪ್ರತಿ ತುಂಡಿನ ಮೇಲೂ ಯಂತ್ರದಲ್ಲೇ ಬಿದ್ದಿರುತ್ತದೆ; ಪಾಸಾದದ್ದರ ಮೇಲೆ ನಮ್ಮ ವರ್ಕ್‌ಶಾಪಿನ ಗುರುತನ್ನೂ ಕೆತ್ತುತ್ತೇವೆ. ಬಂದ ಲೋಹವೆಷ್ಟು, ಹೋದ ತುಂಡೆಷ್ಟು, ಕೆಟ್ಟವೆಷ್ಟು, ಎಲ್ಲ ತಾಳೆಯಾಗಬೇಕು. ಲೆಕ್ಕ ತಪ್ಪಿದ ಒಂದು ತುಂಡು ಯಾವುದೋ ಕೈಗಳನ್ನು ದಾಟಿ ಹೆಲಿಕಾಪ್ಟರಿಗೇ ಹೋಗಿ ಸೇರಬಹುದು. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಭಯವಿಲ್ಲ.

ಒಂದು ತುಂಡು ಮಾತ್ರ ಈ ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ದೇವರ ಜಗಲಿ, ಅಂದರೆ ದೇವರನ್ನು ಕೂರಿಸಿದ ಕಟ್ಟೆ, ಇದೆ. ನಮ್ಮ ಕಡೆ ಹೊಸ ಕೆಲಸ ಹಿಡಿದರೆ ಮೊದಲನೆಯ ಒಳ್ಳೆಯ ತುಂಡನ್ನು ಮಾರುವುದಿಲ್ಲ, ದೇವರ ಮುಂದೆ ಇಡುತ್ತೇವೆ. ಜಿನ್ನಿಂಗ್ ಯಂತ್ರದ ಹಲ್ಲುಗಾಲಿಯೊಂದು ಸಾವ್ಕಾರ್ರ ತಂದೆಯ ಕಾಲದಿಂದಲೂ ಅಲ್ಲಿದೆ. ಅದರ ಪಕ್ಕದಲ್ಲೇ ನಮ್ಮ ಮೊದಲ ಬ್ರಾಕೆಟ್ಟು ಕೂತಿತ್ತು. ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಯ ದಿನ, ಅದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಕಾರ್ಖಾನೆಯಿಂದಲೇ ಬರುತ್ತಿದ್ದ ಹಳೆಯ ಇನ್‌ಸ್ಪೆಕ್ಟರ್ ಸಾಹೇಬರು ಡಬ್ಬಿಗಳನ್ನೆಲ್ಲ ಎಣಿಸಿ, ಕೊನೆಗೆ ಚಪ್ಪಲಿ ಬಿಟ್ಟು ಜಗಲಿಯ ಹತ್ತಿರ ಹೋಗಿ, ಸಂಖ್ಯೆ ಓದಿ, ಕೈಮುಗಿದು, ವರದಿಯಲ್ಲಿ "ಮಾದರಿ, ಒಂದು" ಎಂದು ಬರೆಯುತ್ತಿದ್ದರು. ಲೆಕ್ಕ ಮುಗಿಯುತ್ತಿತ್ತು.

ಹಳೆಯ ವ್ಯವಸ್ಥೆ ಚಿನ್ನದಂಥದ್ದು ಎಂದು ನಾನು ಹೇಳುವುದಿಲ್ಲ. ಖರೀದಿ ವಿಭಾಗದ ಬಾಗಿಲಲ್ಲಿ ಸಾವ್ಕಾರ್ರು ಬೆಂಚಿನ ಮೇಲೆ ಕೂತು ಎಷ್ಟು ಸಲ ದಿನಗಟ್ಟಲೆ ಕಾದಿದ್ದಾರೋ. ದೀಪಾವಳಿಗೆ ಯಾರ ಮನೆಗೆ ಸಿಹಿ ಹೋಗಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಸುಧಾರಣೆಯ ಸುತ್ತೋಲೆ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಇನ್ನು ಮುಂದೆ ಎಲ್ಲ ಖರೀದಿಯೂ ಪೋರ್ಟಲ್ ಮೂಲಕ. ಹಳೆಯ ಉಪಗುತ್ತಿಗೆದಾರರ ಮಾನ್ಯತೆ ರದ್ದು, ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕು. ಹೊರಗಿನ ಏಜೆನ್ಸಿ ಬಂದು ಪರಿಶೀಲಿಸುತ್ತದೆ. ಆಮೇಲೆ ಆನ್‌ಲೈನ್ ಹರಾಜು, ಕಡಿಮೆ ದರ ಹೇಳಿದವರಿಗೆ ಕೆಲಸ.

"ಬಂತ ನೋಡವಾ ತಂಗಿ, ಇನ್ನ ಯಾರ ಬಾಗಲಾನೂ ಕಾಯೂದು ತಪ್ಪಿತು," ಎಂದರು ಸಾವ್ಕಾರ್ರು. ಅವತ್ತು ಎಲ್ಲರಿಗೂ ಮಿರ್ಚಿ, ಚಹಾ ತರಿಸಿದರು.

ಆ ಖುಷಿ ಅರ್ಜಿ ತುಂಬುವಾಗಲೇ ಸೋರತೊಡಗಿತು. ಬ್ರಾಕೆಟ್ಟು ಎಂದು ಹುಡುಕಿದರೆ ಪೋರ್ಟಲ್ ನಮಗೆ ಗೋಡೆ ಕಪಾಟಿನ ಬ್ರಾಕೆಟ್ಟು ತೋರಿಸಿತು, ಬಣ್ಣ ಯಾವುದು ಬೇಕೆಂದೂ ಕೇಳಿತು. ಹೆಲಿಕಾಪ್ಟರಿನ ಖಾನೆ ಹುಡುಕುವಷ್ಟರಲ್ಲಿ ನನ್ನ ತಲೆ ಕೆಟ್ಟು ಹೋಯಿತು. ಯಂತ್ರಗಳ ಫೋಟೊವನ್ನು ನಿಂತ ಜಾಗದಿಂದಲೇ ಕಳಿಸಬೇಕು, ಆದರೆ ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಇಲ್ಲ. ಹೊರಗೆ ಬಂದು ಕಳಿಸಿದರೆ "ಸ್ಥಳ ಹೊಂದಿಕೆಯಾಗುತ್ತಿಲ್ಲ". ಕೊನೆಗೆ ನಮ್ಮ ಆಪರೇಟರ್ ಏಣಿ ಹತ್ತಿ ಒಂದು ತಗಡು ಸರಿಸಿ ಹಿಡಿದ, ಆ ಕಿಂಡಿಯ ಕೆಳಗೆ ಮೊಬೈಲ್ ಎತ್ತಿ ನಾನು ಫೋಟೊ ಕಳಿಸಿದೆ. ಈ ಆಪರೇಟರ್ ದಿನಾ ಶಿರಹಟ್ಟಿಯಿಂದ ಬಸ್ಸಿಗೆ ಬರುವವನು. ಆ ಬ್ರಾಕೆಟ್ಟುಗಳಲ್ಲಿ ಹೆಚ್ಚಿನವು ಅವನ ಕೈಯಿಂದಲೇ ಹೊರಬಂದವು.

ಪರಿಶೀಲನೆಗೆ ಬಂದ ಏಜೆನ್ಸಿಯ ಇನ್‌ಸ್ಪೆಕ್ಟರ್ ಕೆಟ್ಟ ಮನುಷ್ಯನೇನಲ್ಲ. ಕೈಯಲ್ಲಿ ಟ್ಯಾಬ್ಲೆಟ್, ಹೊರಗೆ ಕಾಯುವ ಟ್ಯಾಕ್ಸಿ, ಸಂಜೆಗೆ ಹುಬ್ಬಳ್ಳಿಯಿಂದ ರೈಲು. ಅಲ್ಯೂಮಿನಿಯಂ ಸಲಾಕೆಗಳನ್ನು ಎಣಿಸಿದರು, ಡಬ್ಬಿಗಳನ್ನು ನೋಡಿದರು, ಗೇಜುಗಳ ದಾಖಲೆ ನೋಡಿದರು. ಎಲ್ಲಕ್ಕೂ ಹಸಿರು ಗುರುತು ಬಿತ್ತು. ಚಹಾ ಕುಡಿಯುತ್ತ ತಿರುಗಿದವರ ಕಣ್ಣಿಗೆ ಜಗಲಿ ಬಿತ್ತು.

"ಮೇಡಂ, ಅದು ಯಾಕೆ ಅಲ್ಲಿದೆ?"

ಸಾವ್ಕಾರ್ರೇ ಉತ್ತರ ಕೊಟ್ಟರು: "ಅದು ದೇವರದೈತ್ರಿ. ಮೊದಲನೇ ತುಂಡು."

"ದೇವರದು ಅಂದ್ರೆ? ಸ್ಟಾಕಾ, ಸ್ಕ್ರ್ಯಾಪಾ?"

"ಎರಡೂ ಅಲ್ರಿ. ದೇವರಿಗೆ ಕೊಟ್ಟದ್ದು."

"ಹಾಗಾದ್ರೆ ಹೊರಗಿನವರಿಗೆ ಕೊಟ್ಟ ಹಾಗಾಯ್ತಲ್ಲ."

"ದೇವರು ಹೊರಗಿನವನೇನ್ರಿ ಸಾಹೇಬ್ರ? ಈ ಶೆಡ್ಡಿನ್ಯಾಗ ನಮಗಿಂತಾ ಮೊದಲ ಬಂದು ಕುಂತಾನ್ರಿ."

ಇನ್‌ಸ್ಪೆಕ್ಟರ್ ನಗಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಮೂರೇ ಖಾನೆ: ಕಳಿಸಿದ್ದು, ಸ್ಟಾಕು, ಸ್ಕ್ರ್ಯಾಪು. ಸ್ಟಾಕಿಗೆ ಸೇರಿಸಿ ಬೀಗದ ಕಪಾಟಿನಲ್ಲಿಡೋಣ ಎಂದೆ ನಾನು. ಅದಕ್ಕೆ ತುಂಡು ಯಾವ ಸಲಾಕೆಯಿಂದ ಬಂತೆಂಬ ಸಂಖ್ಯೆ ತುಂಬಬೇಕು. ತುಂಬಿದೆವು. ಪೋರ್ಟಲ್ ಹುಟ್ಟುವುದಕ್ಕೆ ಮೊದಲಿನ ಸಲಾಕೆ ಅದು, ಪೋರ್ಟಲ್ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ. ತುಂಡನ್ನು ಎರಡಾಗಿ ಕೊಯ್ದು ಫೋಟೊ ಕಳಿಸಿದರೆ ಸ್ಕ್ರ್ಯಾಪ್ ಖಾನೆ ತುಂಬುತ್ತದೆ, ಮಾನ್ಯತೆ ಸಿಗುತ್ತದೆ.

"ನಾನು ಹೊರಡೋದರೊಳಗೆ ಮಾಡಿಬಿಡಿ," ಎಂದರು ಇನ್‌ಸ್ಪೆಕ್ಟರ್.

ಸಾವ್ಕಾರ್ರ ಮುಖ ಕಪ್ಪಿಟ್ಟಿತು. ಎದ್ದು ತಮ್ಮ ಖೋಲಿಗೆ ಹೋಗಿ ಕೂತರು. ನನಗೂ ಸಂಕಟವಾಯಿತು, ಆದರೆ ನಿಯಮ ತಪ್ಪೆಂದು ಹೇಳುವ ಹಾಗಿರಲಿಲ್ಲ. ಒಳಗೆ ಹೋಗಿ ಕೇಳಿದಾಗ ಸಾವ್ಕಾರ್ರು ಕೈ ಬೀಸಿ, "ಏನ್ ಮಾಡತೀರೋ ಮಾಡ್ರಿ, ನಾ ನೋಡಂಗಿಲ್ಲ," ಎಂದುಬಿಟ್ಟರು. ಕೊಯ್ಯುವ ಕೆಲಸವನ್ನು ಆಪರೇಟರನಿಗೆ ಹೇಳಿ ನಾನು ಇನ್‌ಸ್ಪೆಕ್ಟರರ ಜೊತೆ ಹಿಂದಿನ ಗೋದಾಮಿಗೆ ಹೋದೆ. ವಾಪಸ್ ಬಂದಾಗ ತಟ್ಟೆಯಲ್ಲಿ ಎರಡು ಹೋಳು, ಮೇಲೆ ವಿಭೂತಿ. ಇನ್‌ಸ್ಪೆಕ್ಟರ್ ಫೋಟೊ ಹೊಡೆದು, ಕಿಂಡಿಯ ಕೆಳಗೆ ನಿಂತು ಕಳಿಸಿ, ಟ್ಯಾಕ್ಸಿ ಹತ್ತಿದರು. ನಾನು ತಟ್ಟೆಯ ಕಡೆ ಕಣ್ಣೆತ್ತಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಕೆಂಪು ಡಬ್ಬಿಯ ಲೆಕ್ಕ ಹಾಕಿದರೆ ಒಂದು ಕಡಿಮೆ. ಮತ್ತೆ ಎಣಿಸಿದೆ, ಆಗಲೂ ಒಂದು ಕಡಿಮೆ. ತಟ್ಟೆಯಲ್ಲಿದ್ದ ಹೋಳುಗಳನ್ನು ಜೋಡಿಸಿ ಸಂಖ್ಯೆ ಓದಿದೆ, ಅದು ಮೊದಲನೆಯ ತುಂಡಿನದಲ್ಲ. ನಾನು ತಿರುಗಿ ನೋಡಿದ್ದೇ ತಡ, ಆಪರೇಟರ್ ತಲೆ ತಗ್ಗಿಸಿದ.

"ದೇವರ ಮುಂದಿಂದ ತೆಗದು ಹ್ಯಾಂಗ ಕೊಯ್ಲಿರಿ ಅಕ್ಕಾರ? ಕೈ ನಡೀಲಿಲ್ರಿ. ಕೆಂಪು ಡಬ್ಬಿ ಒಳಗಿಂದೊಂದು ತಗೊಂಡು, ಬಣ್ಣ ಕೆರದು, ಇಬತ್ತಿ ಹಚ್ಚಿ ಕೊಯ್ದೆ."

"ದೇವರದು ಎಲ್ಲೈತಿ ಈಗ?"

"ನಮ್ಮ ಮನ್ಯಾಗೈತ್ರಿ. ದೇವರ ಮುಂದನ ಇಟ್ಟೀನ್ರಿ. ಬುತ್ತಿ ಚೀಲದಾಗ ಒಯ್ದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಹೆಲಿಕಾಪ್ಟರಿನ ತುಂಡು, ರೊಟ್ಟಿ ಪಲ್ಯದ ಜೊತೆ, ಶಿರಹಟ್ಟಿಯ ಬಸ್ಸಿನಲ್ಲಿ! ಯಾವುದು ಆಗಬಾರದೆಂದು ಈ ನಿಯಮಗಳನ್ನೆಲ್ಲ ಮಾಡಿದ್ದಾರೋ ಸರಿಯಾಗಿ ಅದನ್ನೇ ನಾವು ಮಾಡಿದ್ದೆವು, ಅದೂ ಭಕ್ತಿಯಿಂದ. ಬಾಯಿಗೆ ಬಂದಂತೆ ಬೈದೆ. ಅವನು ಅಲ್ಲಿಂದಲೇ ಬಸ್ಸು ಹತ್ತಿ ಹೋಗಿ, ತುಂಡನ್ನು ಹೊಸ ಅರಿವೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟ. ನಾನು ಅದಕ್ಕೆ ಸಂಖ್ಯೆಯ ಚೀಟಿ ಕಟ್ಟಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಸಾವ್ಕಾರ್ರು ನಡೆದದ್ದನ್ನು ಕೇಳಿ ಮೊದಲು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಾನು ಏಜೆನ್ಸಿಗೆ ತಿಳಿಸಬೇಕೆಂದಾಗ ನಗು ನಿಂತಿತು.

"ಹುಚ್ಚಿ ಇದ್ದೀಯೇನು? ಅವರು ಸಂಖ್ಯೆ ನೋಡ್ಯಾರೇನು? ಫೋಟೊ ಹೋತು, ಕೆಲಸ ಆತು. ನೀ ಯಾಕ ಇಲ್ಲದ ಉಸಾಬರಿ ಮಾಡತಿ?"

"ತಪ್ಪು ಸಂಖ್ಯಾಕ್ಕ ನಾ ಸಹಿ ಹಾಕಂಗಿಲ್ರಿ ಸಾವ್ಕಾರ್ರ."

ನಡೆದದ್ದನ್ನು ನಡೆದ ಹಾಗೆ ಬರೆದೆ. ತುಂಡು ಹೊರಗೆ ಹೋಗಿತ್ತು, ವಾಪಸ್ ಬಂದಿದೆ, ಕಪಾಟಿನಲ್ಲಿದೆ, ಬಂದು ನೋಡಿ, ಹೇಗೆ ಹೇಳುತ್ತೀರೋ ಹಾಗೆ ಮಾಡುತ್ತೇವೆ. ಯಾರಾದರೂ ಓದುತ್ತಾರೆ, ಒಂದು ಫೋನ್ ಮಾಡುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಅನ್ನಿಸಿಕೊಂಡು ಸುಮ್ಮನಿರುತ್ತಿದ್ದೆ. ಬಂದದ್ದು ಪೋರ್ಟಲ್ಲಿನ ಒಂದು ಸಾಲು: ಸುಳ್ಳು ಸಾಕ್ಷ್ಯ ಸಲ್ಲಿಕೆ, ಮಾನ್ಯತೆ ತಡೆಹಿಡಿಯಲಾಗಿದೆ. ಸಹಾಯವಾಣಿಗೆ ಫೋನ್ ಮಾಡಿದರೆ ನಮ್ಮ ಕರೆ ಅವರಿಗೆ ಬಹಳ ಮುಖ್ಯ ಎಂದು ಹೆಂಗಸೊಬ್ಬಳ ದನಿ ಹೇಳುತ್ತಿತ್ತು, ಹೇಳಿ ಹಾಡು ಹಾಕುತ್ತಿತ್ತು. ಏಜೆನ್ಸಿಯ ಇನ್‌ಸ್ಪೆಕ್ಟರರನ್ನು ಫೋನಿನಲ್ಲಿ ಹಿಡಿದರೆ, "ವರದಿ ಕಳಿಸಿದ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಮೇಡಂ. ನೀವು ಬರೀಬಾರದಿತ್ತು," ಎಂದರು. ಪರಿಶೀಲನೆಗೆ ಬಂದ ಮನುಷ್ಯ ಹೇಳುವ ಮಾತೇ ಅದು? ಫೋನ್ ಎತ್ತಿ ಗೋಡೆಗೆ ಎಸೆಯಬೇಕೆನ್ನಿಸಿತು.

ಹರಾಜು ನಮ್ಮನ್ನು ಬಿಟ್ಟೇ ನಡೆಯಿತು. ಫಲಿತಾಂಶ ಮಾತ್ರ ಪರದೆಯ ಮೇಲೆ ಕಂಡಿತು. ಬೇರೆ ಊರಿನ ಯಾವುದೋ ವ್ಯಾಪಾರಿ ಸಂಸ್ಥೆ, ನಮಗೆ ಕೂಲಿ ಬಿಟ್ಟರೆ ಏನೂ ಉಳಿಯದ ದರಕ್ಕೆ ಕೆಲಸ ಹಿಡಿದಿತ್ತು. ಸಾವ್ಕಾರ್ರು ವ್ಯಾಪಾರಸ್ಥರ ಮನೆತನದವರು, ಹರಾಜು ಅವರಿಗೆ ಹೊಸದಲ್ಲ.

"ಎಪಿಎಂಸ್ಯಾಗ ಒಣಮೆಣಸಿನಕಾಯಿ ಹರಾಜು ಮಾಡ್ತೀವಲ್ಲ, ಚೀಲದಾಗ ಕೈ ಹಾಕತೀವಿ, ಕಾಯಿ ಮುರೀತೀವಿ, ಮೂಸತೀವಿ. ಆಮ್ಯಾಲೆ ರೇಟ್ ಕೂಗತೀವಿ. ಇಲ್ಲಿ ಮಾಲು ನೋಡಾವ್ರ ಇಲ್ಲಲ್ಲವಾ! ಮೆಣಸಿನಕಾಯಿಗೆ ಇದ್ದ ಕಿಮ್ಮತ್ತು ವಿಮಾನಕ್ಕಿಲ್ಲೇನು?"

ಸ್ವಲ್ಪ ದಿನಕ್ಕೆ ಆ ವ್ಯಾಪಾರಿ ಕಾರು ಮಾಡಿಕೊಂಡು ನಮ್ಮಲ್ಲಿಗೇ ಬಂದ. ಕೈಯಲ್ಲಿ ನಮ್ಮದೇ ಬ್ರಾಕೆಟ್ಟಿನ ಡ್ರಾಯಿಂಗ್. ಅವನ ಹತ್ತಿರ ಒಂದು ಲೇತ್ ಸಹಿತ ಇಲ್ಲ. ಪರಿಶೀಲನೆಯ ದಿನ ಯಂತ್ರಗಳನ್ನು ಬಾಡಿಗೆಗೆ ತಂದು ನಿಲ್ಲಿಸಿ ಫೋಟೊ ಹೊಡೆಸಿದ್ದನಂತೆ. ಅದನ್ನು ನಾಚಿಕೆಯಿಲ್ಲದೆ ಹೇಳಿದ. ಅವನ ಫೋಟೊಗಳೆಲ್ಲ ಖಾನೆಗೆ ಸರಿಯಾಗಿ ಕೂತಿದ್ದವು.

"ನೀವೇ ಮಾಡ್ಕೊಡಿ. ನಿಮಗೆ ಕೆಲಸ ಬೇಕು, ನನಗೆ ತುಂಡು ಬೇಕು," ಎಂದ. "ಎರಡೇ ಮಾತು. ನಿಮ್ಮ ಗುರುತು ಕೆತ್ತಬಾರದು, ನಮ್ಮದು ಕೆತ್ತಿ. ಅಳತೆ ವರದಿಗೆ ಮೇಡಮ್ಮೋರು ನಮ್ಮ ಕಂಪನಿ ಹೆಸರಲ್ಲಿ ಸಹಿ ಹಾಕ್ಲಿ."

ಸಾವ್ಕಾರ್ರು ಒಲ್ಲೆ ಎನ್ನುತ್ತಾರೆಂದು ನಾನು ಕಾದೆ. ಅವರು ವಿಚಾರ ಮಾಡಿ ಹೇಳುತ್ತೇನೆಂದು ಅವನನ್ನು ಕಳಿಸಿದರು. ಅವನ ಕಾರು ಗೇಟು ದಾಟಿತೋ ಇಲ್ಲವೋ, ಜಗಳ ಶುರುವಾಯಿತು.

"ಮಾಡೂಣು ತಂಗಿ. ಮಷೀನ್ ಖಾಲಿ ನಿಂತಾವು. ಇವರೆಲ್ಲಾರ ಹೊಟ್ಟಿ ನೋಡಬೇಕೋ ಬ್ಯಾಡೋ?"

"ದೇವರ ಮುಂದಿನ ತುಂಡು ಕೊಯ್ಯಾಕ ನಿಮಗ ಮನಸ್ಸು ಬರಲಿಲ್ಲ. ನಮ್ಮ ಗುರುತು ಕೊಯ್ಯಾಕ ಬರತೈತೇನ್ರಿ?"

"ಅವತ್ತ ನೀ ಬರೀದಿದ್ರ ಈ ಮಾತ ಬರತಿದ್ದಿಲ್ಲ! ನಿನ್ನ ಖರೇತನದಿಂದ ಬಾಗಲಾ ಮುಚ್ಚೇತಿ. ಈಗ ಕಿಡಕಿ ತೆರದ್ರ ಅದಕ್ಕೂ ಅಡ್ಡ ಬರತಿ."

ಆ ಮಾತು ನನ್ನ ಎದೆಗೇ ನಾಟಿತು. ಅದರಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ಯಂತ್ರ ಒರೆಸುವ ನೆಪದಲ್ಲಿ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ಅವರ ಮುಂದೆ ಅಳಬಾರದೆಂದು ನನ್ನ ಅಳತೆಯ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದು ಸಹಿಯಿಂದ ಇಷ್ಟು ಮನೆಗಳ ಒಲೆ ಉರಿಯುವುದಾದರೆ ಹಾಕಿಬಿಡಲೇ ಎಂದು ನಿಜವಾಗಿಯೂ ಅನ್ನಿಸಿತು. ತುಂಡು ಮಾಡುವವರು ನಾವೇ, ಅಳೆಯುವವಳು ನಾನೇ. ಹೆಸರೊಂದು ಬೇರೆಯಾದರೆ ತುಂಡು ಕೆಡುತ್ತದೆಯೇ?

ಅದನ್ನು ಕೇಳಬೇಕಾದವರನ್ನೇ ಕೇಳೋಣವೆಂದು ಕಾರ್ಖಾನೆಯ ಗುಣಮಟ್ಟ ವಿಭಾಗದ ಅಧಿಕಾರಿಗೆ ಫೋನ್ ಮಾಡಿದೆ. ಹಳೆಯ ಪರಿಚಯ, ನನ್ನ ವರದಿಗಳನ್ನು ಎಷ್ಟೋ ಸಲ ಹೊಗಳಿದವರು. ವ್ಯಾಪಾರಿ ಬಂದಿದ್ದನ್ನು, ಅವನು ಹೇಳಿದ್ದನ್ನು ಮುಚ್ಚಿಡದೆ ಹೇಳಿದೆ.

ಅವರು ನಿಟ್ಟುಸಿರು ಬಿಟ್ಟರು. "ಏನಮ್ಮ ಮಾಡೋದು, ನಮಗೀಗ ಸರಬರಾಜು ಮಾಡೋರ ಹೆಸರಷ್ಟೇ ಕಾಣೋದು. ಅವರು ಯಾರ ಹತ್ರ ಮಾಡಿಸ್ತಾರೆ ಅಂತ ಕೇಳೋ ಅಧಿಕಾರ ನಮಗಿಲ್ಲ."

"ಹಂಗಾದ್ರ ನಾವು ಮಾಡಿದ್ದು ಅಂತ ಎಲ್ಲೂ ಇರಂಗಿಲ್ಲೇನ್ರಿ ಸರ್?"

"ಇರಲ್ಲ."

"ನಾಳೆ ಅದು ಮುರದ್ರ?"

ಅವರು ಪ್ರಾಮಾಣಿಕವಾಗಿಯೇ ಹೇಳಿದರು: "ಮುರಿದ್ರೆ ತನಿಖೆ ಆಗುತ್ತಮ್ಮ. ಆಗ ಯಾರು ಮಾಡಿದ್ದು, ಯಾರು ಸಹಿ ಹಾಕಿದ್ದು ಅಂತ ಹುಡುಕ್ಕೊಂಡು ಬಂದೇ ಬರ್ತಾರೆ."

ಫೋನಿಟ್ಟು ಹೊರಗೆ ಬಂದು ಸಾವ್ಕಾರ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನೆಟ್ಟಗಿರುವ ತನಕ ನಾವು ಇಲ್ಲ. ಮುರಿದ ದಿನ ನಾವೇ. ಇದೇ ಅವರ ಸುಧಾರಣೆ. ಮಧ್ಯವರ್ತಿಗಳನ್ನು ತೆಗೆಯುತ್ತೇವೆಂದು ಹೊರಟವರು, ಮಾಡುವವರನ್ನು ತೆಗೆದು ಮಧ್ಯವರ್ತಿಯನ್ನು ಗಾದಿಯ ಮೇಲೆ ಕೂರಿಸಿದರು. ಹೀಗೆಲ್ಲ ಕೂಗಾಡಿದೆ. ಸಾವ್ಕಾರ್ರು ತಡೆಯಲಿಲ್ಲ. ನನ್ನದು ಮುಗಿದ ಮೇಲೆ ವ್ಯಾಪಾರಿಗೆ ಫೋನ್ ಮಾಡಿದರು.

"ಗುರುತು ನಮ್ಮದ ಇರಬೇಕ್ರಿ. ಇಲ್ಲಾಂದ್ರ ಬ್ಯಾಡ್ರಿ." ಆ ಕಡೆಯಿಂದ ಏನೋ ಹೇಳಿದ. "ಆತ್ರಿ, ಹಂಗಾದ್ರ ಬ್ಯಾಡ," ಎಂದು ಇಟ್ಟರು. ನನ್ನ ಕಡೆ ನೋಡದೆ, "ಸಹಿ ನಿಂದು. ನಿನ್ನ ಕೊರಳಿಗೆ ಹಗ್ಗ ಹಾಕಿ ನಾ ಹೊಟ್ಟಿ ತುಂಬಿಸ್ಕೊಳ್ಳಾಂವಲ್ಲ," ಎಂದರು.

ನಮ್ಮಲ್ಲಿ ಈಗ ಖಾರ ಕುಟ್ಟುವ ಯಂತ್ರಗಳ ಬಿಡಿಭಾಗಗಳು ತಯಾರಾಗುತ್ತವೆ. ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಗಿರಣಿಯವರು ಬಂದು ಒಯ್ಯುತ್ತಾರೆ. ಒಂದು ಸಿಎನ್‌ಸಿ ಮಾರಿದೆವು, ಇಬ್ಬರು ಕೆಲಸ ಬಿಟ್ಟು ಹೋದರು. ಮಾನ್ಯತೆಯ ತಡೆ ತೆಗೆಯಿರಿ ಎಂದು ನಾನು ಬರೆಯುತ್ತಲೇ ಇದ್ದೇನೆ, "ಪರಿಶೀಲನೆಯಲ್ಲಿದೆ" ಎಂಬ ಸಾಲು ಬರುತ್ತಲೇ ಇದೆ. ವ್ಯಾಪಾರಿ ಬ್ರಾಕೆಟ್ಟುಗಳನ್ನು ಕೊಟ್ಟು ಮುಗಿಸಿದನೆಂದು ಕೇಳಿದೆ. ಯಾವ ಊರಿನಲ್ಲಿ, ಯಾರ ಕೈಯಲ್ಲಿ ಮಾಡಿಸಿದನೋ, ಯಾರು ಅಳೆದರೋ, ಕೇಳಿದರೂ ಹೇಳುವವರಿಲ್ಲ.

ಈ ಮಳೆಗಾಲದಲ್ಲಿ ತುಂಗಭದ್ರೆ ಏರಿತು. ಹಮ್ಮಿಗಿ ಕಡೆ ಹೊಲದ ನಡುವೆ ಜನ ಸಿಕ್ಕಿಕೊಂಡಿದ್ದಾರೆಂಬ ಸುದ್ದಿ ಬಂದ ಮಧ್ಯಾಹ್ನ, ನಮ್ಮ ಶೆಡ್ಡಿನ ಮೇಲೆ ತಗಡು ನಡುಗುವಷ್ಟು ಸಪ್ಪಳವಾಯಿತು. ಎಲ್ಲರೂ ಹೊರಗೆ ಓಡಿದೆವು. ಹೆಲಿಕಾಪ್ಟರ್ ತೀರ ಕೆಳಗೆ ಹಾರುತ್ತಿತ್ತು. ನಾವು ಬ್ರಾಕೆಟ್ಟು ಮಾಡಿಕೊಡುತ್ತಿದ್ದ ಮಾದರಿಯೇ. ಬಾಗಿಲು ತೆರೆದಿತ್ತು, ಬಾಗಿಲಲ್ಲಿ ಹಗ್ಗ ಹಿಡಿದು ಒಬ್ಬ ಸೈನಿಕ ಹೊರಗೆ ಕಾಲು ಇಳಿಬಿಟ್ಟು ಕೂತಿದ್ದ. ಆಪರೇಟರ್ ಕೈ ಬೀಸಿದ, ಅವನೂ ಬೀಸಿದ.

ಅದು ಹೊಳೆಯ ಕಡೆ ತಿರುಗಿ ಸಣ್ಣದಾಗುವ ತನಕ ಆಪರೇಟರ್ ನೋಡುತ್ತಲೇ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಅಕ್ಕಾರ, ಆ ಬಾಗಲದಾಗಿಂದು ನಮ್ದ ಇರಬೇಕಲ್ರಿ?"

ಇಷ್ಟು ವರ್ಷ ಯಾವ ತುಂಡಿನ ಬಗ್ಗೆ ಯಾರು ಕೇಳಿದರೂ ನನ್ನ ಹತ್ತಿರ ಉತ್ತರ ಇರುತ್ತಿತ್ತು.

"ಗೊತ್ತಿಲ್ಲಪಾ," ಎಂದೆ.